ಪರಂಗಿ ಪಾದ್ರಿಗಳೂ ಸತ್ಯಮಂಗಲದ ದಾರಿಯೂ

ನಮ್ಮ ತಾಳವಾಡಿ ಸೀಮೆಯಲ್ಲಿ ಪರಂಗಿ ಗಿಡ ಇಲ್ಲದ ಹಿತ್ತಲು ಕಡಿಮೆ. ಯಾರೂ ಬಿತ್ತಬೇಕಾಗಿಲ್ಲ, ಹಕ್ಕಿ ತಿಂದು ಹಾಕಿದ ಕಡೆ ತಾನೇ ಹುಟ್ಟುತ್ತದೆ. ಹೋದ ವರ್ಷ ಹಣ್ಣು ಹೆಚ್ಚುತ್ತಾ ಕೂತಿದ್ದಾಗ ನನ್ನ ಮೊಮ್ಮಗಳು ಕೇಳಿದಳು: "ತಾತ, ಪರಂಗಿ ಅಂದ್ರೆ ಬಿಳೀ ಜನ ಅಂತ ಮೇಷ್ಟ್ರು ಹೇಳುದ್ರು. ಹಣ್ಣಿಗ್ಯಾಕೆ ಆ ಹೆಸ್ರು?" ನನಗೆ ಉತ್ತರ ಬರಲಿಲ್ಲ. ಏಳನೇ ಕ್ಲಾಸಿನಲ್ಲಿ ಇದನ್ನು ನಮಗೆ ಹೇಳಿಕೊಟ್ಟಿರಲಿಲ್ಲ. ವಾಚನಾಲಯದ ಪುಸ್ತಕ ನೋಡಿದೆ. ಇಂಗ್ಲಿಷಿನಲ್ಲಿದ್ದುದನ್ನು ಮೇಷ್ಟ್ರು ಓದಿ ಹೇಳಿದರು. ಒಂದು ಹಣ್ಣಿನ ಹಿಂದೆ ಹೋದವನು ನಮ್ಮದೇ ಘಾಟಿಯ ಬುಡದಲ್ಲಿರುವ ಸತ್ಯಮಂಗಲಕ್ಕೆ ಬಂದು ನಿಂತೆ. ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪರಂಗಿ ಹಣ್ಣು ನಮ್ಮದಲ್ಲ. ಅಮೆರಿಕ ಖಂಡದ ಗಿಡ. ಬರೀ ಪರಂಗಿ ಅಲ್ಲ, ನಾವು ದಿನಾ ಅರೆಯುವ ಮೆಣಸಿನಕಾಯಿ, ನಮ್ಮ ಹೊಲದ ಆಲೂಗಡ್ಡೆ, ಟೊಮೆಟೊ, ಮುಸುಕಿನ ಜೋಳ, ಎಲ್ಲವೂ ಅಲ್ಲಿಯವೇ. ಆ ದೇಶಗಳನ್ನು ಹಿಡಿದವರು ಸ್ಪೇನಿನವರು ಮತ್ತು ಪೋರ್ಚುಗೀಸರು. ಅವರ ಹಡಗಿನಲ್ಲಿ ಬಂದ ಬೀಜ ನಮ್ಮ ಹೊಲ ಸೇರಿತು. ಅವರಿಬ್ಬರೂ 1494ರಲ್ಲಿ ಒಂದು ಕರಾರು ಮಾಡಿಕೊಂಡಿದ್ದರು. ಸಮುದ್ರದ ನಡುವೆ ಒಂದು ಗೆರೆ ಎಳೆದು, ಪಡುವಣಕ್ಕೆ ಸಿಕ್ಕಿದ್ದೆಲ್ಲಾ ಸ್ಪೇನಿಗೆ, ಮೂಡಣಕ್ಕೆ ಸಿಕ್ಕಿದ್ದೆಲ್ಲಾ ಪೋರ್ಚುಗಲ್ಲಿಗೆ ಅಂತ. ದಾಯಾದಿಗಳು ಜಮೀನು ಭಾಗ ಮಾಡಿಕೊಂಡ ಹಾಗೆ. ಜಮೀನಿನಲ್ಲಿ ಉಳುತ್ತಿದ್ದವರನ್ನು ಮಾತ್ರ ಯಾರೂ ಪಂಚಾಯ್ತಿಗೆ ಕರೆಯಲಿಲ್ಲ. ಹಾಗಾಗಿ ಅಮೆರಿಕದ ಬಹುಪಾಲು ಸ್ಪೇನಿನ ಪಾದ್ರಿಗಳ ಪಾಲಾಯಿತು. ನಮ್ಮ ಕಡೆಗೆ ಬಂದವರು ಪೋರ್ಚುಗೀಸ್ ರಾಜನ ರಹದಾರಿ ಹಿಡಿದು ಗೋವೆಯಲ್ಲಿ ಇಳಿದವರು. 1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಝೇವಿಯರ್ ಹುಟ್ಟಿದ್ದು ಈಗಿನ ಸ್ಪೇನಿಗೆ ಸೇರಿದ ನವಾರದಲ್ಲಿ, ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಪಾದ್ರಿಗಳಲ್ಲಿ ಒಂದು ಗುಂಪಿಗೆ ಯೇಸುಸಭೆ ಅಂತ ಹೆಸರು. ಆ ಸಭೆಯವರು ಎರಡೂ ಕಡೆ ಇದ್ದರು. ಆದರೆ ಅಲ್ಲಿ ನಡೆದದ್ದಕ್ಕೂ ಇಲ್ಲಿ ನಡೆದದ್ದಕ್ಕೂ ಅಜಗಜಾಂತರ. ಅದು ಯಾಕೆ ಅನ್ನೋದೇ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ.

ಮೊದಲು ನಮ್ಮ ಕಡೆಯದು ಹೇಳುತ್ತೇನೆ.

ಇಟಲಿಯ ರಾಬರ್ಟೊ ದೆ ನೊಬಿಲಿ ಅನ್ನುವ ಯೇಸುಸಭೆಯ ಪಾದ್ರಿ 1606ರಲ್ಲಿ ಮಧುರೆಗೆ ಬಂದರು. ಆಗ ಅಲ್ಲಿ ನಾಯಕರ ದೊರೆತನ. ಪರಂಗಿ ಅಂದರೆ ಜನಕ್ಕೆ ಹೇಸಿಗೆ. ದನ ತಿಂದು ಹೆಂಡ ಕುಡಿದು ಮಡಿ ಮೈಲಿಗೆ ಇಲ್ಲದೆ ಇರುವವನು ಪರಂಗಿ. ಅವನ ದೇವರನ್ನು ಪೂಜೆ ಮಾಡಿದರೆ ನಾವೂ ಪರಂಗಿ ಆಗುತ್ತೇವೆ ಅಂತ ಹತ್ತಿರ ಬರುತ್ತಿರಲಿಲ್ಲ. ನೊಬಿಲಿ ಇದನ್ನು ನೋಡಿ ಕರಿ ಅಂಗಿ ಕಳಚಿಟ್ಟು ಕಾವಿ ಉಟ್ಟರು, ಮರದ ಪಾದುಕೆ ಮೆಟ್ಟಿದರು, ಮಾಂಸ ಬಿಟ್ಟರು. ದಿನಕ್ಕೊಂದು ಹೊತ್ತು ಅನ್ನ ಸೊಪ್ಪು ಉಂಡರು. ತಮಿಳು ಕಲಿತರು, ಸಂಸ್ಕೃತ ಕಲಿತರು. ನಾನು ಪರಂಗಿ ಅಲ್ಲ, ರೋಮಾಪುರಿಯ ಸನ್ಯಾಸಿ ಅಂತ ಹೇಳಿಕೊಂಡರು. ಜನ ಅವರನ್ನು ತತ್ವಬೋಧಕ ಸ್ವಾಮಿ ಅಂದರು. ಅವರ ಕಡೆಯವರೇ ಇದು ಧರ್ಮಭ್ರಷ್ಟತನ ಅಂತ ದೂರು ಕೊಟ್ಟರು. ಕೊನೆಗೆ 1623ರಲ್ಲಿ ರೋಮಿನ ಪೋಪರೇ ಜನಿವಾರ, ಶಿಖೆ, ಗಂಧ ಇರಬಹುದು ಅಂತ ಅಪ್ಪಣೆ ಕೊಟ್ಟರು.

ಆ ಮಧುರೆ ಮಿಷನ್ನಿನ ಬಡಗಣ ಠಾಣ್ಯಗಳಲ್ಲಿ ನಮ್ಮ ಸತ್ಯಮಂಗಲ ಒಂದು. ಅದೇ ಕಾಲಕ್ಕೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು (1638ರಿಂದ 1659) ದಣಾಯಕನಕೋಟೆ, ಸತ್ಯಮಂಗಲ ಎರಡನ್ನೂ ಗೆದ್ದುಕೊಂಡರು. 1640ರ ದಶಕ ಮುಗಿಯುವ ಹೊತ್ತಿಗೆ ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇನ್ನೊಬ್ಬ ಇಟಲಿಯ ಪಾದ್ರಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರು ಮಾಡಿದರು. ಅವರೂ ನೊಬಿಲಿಯವರ ದಾರಿ ಹಿಡಿದು ಸನ್ಯಾಸಿ ವೇಷದಲ್ಲಿದ್ದರು. ಕನ್ನಡ ಕಲಿತರು. ಕನ್ನಡದಲ್ಲಿ ಉಪದೇಶದ ಬರವಣಿಗೆ ಮಾಡಿದರು, ಕನ್ನಡ ವ್ಯಾಕರಣವನ್ನೂ ಬರೆದರು. ಸತ್ಯಮಂಗಲ ಆಮೇಲೆ ಈ ಮೈಸೂರು ಮಿಷನ್ನಿಗೇ ಸೇರಿತು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕನ್ನಡ ಮಿಷನ್ ಅಂತಲೂ ಹೆಸರಿದೆ. ಸತ್ಯಮಂಗಲದ ಹೆಸರು ಕನ್ನಡ ಮಿಷನ್ನಿನ ಜತೆ ಬರುವುದನ್ನು ಓದಿದಾಗ ನನಗೆ ಆದ ಖುಷಿ ಇಷ್ಟಷ್ಟಲ್ಲ. ಈಗ ಅಲ್ಲಿ ಸಂತೆಗೆ ಹೋದರೆ ನಮ್ಮ ಕನ್ನಡ ಕೇಳಿ ತಿರುಗಿ ನೋಡುತ್ತಾರೆ.

ಸತ್ಯಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಬೆಟ್ಟ ಹತ್ತಲೇಬೇಕು. ಗಜ್ಜಲಹಟ್ಟಿ ಕಣಿವೆ ಆಗಬಹುದು, ನಮ್ಮ ಹಾಸನೂರು ಕಡೆ ಆಗಬಹುದು. ದಿಂಬಂ ಘಾಟಿಗೆ ಈಗ 27 ತಿರುವಿನ ಡಾಂಬರು ರಸ್ತೆ. ಆಗ ಎತ್ತು, ಹೇಸರಗತ್ತೆ, ಕಾಲುನಡಿಗೆ. ಎರಡು ಠಾಣ್ಯದ ನಡುವೆ ಓಲೆ ಹೊತ್ತವರು, ಉಪದೇಶಿಗಳು, ಸ್ವಾಮಿಗಳು ಈ ಕಾಡಿನಲ್ಲೇ ಹಾದುಹೋಗಿರಬೇಕು. ನಮ್ಮ ಹಿರೀಕರು ಅವರನ್ನು ನೋಡಿದ್ದರೆ ಏನು ಅಂದುಕೊಂಡಿರಬಹುದು?

ನಾನು ತಂಬೂರಿ ಹಿಡಿದು ಮಾದಪ್ಪನ ಕಥೆ ಹಾಡುವವನು. ನನಗೆ ಅನಿಸುವುದು ಹೀಗೆ. ಎಲ್ಲಿಂದಲೋ ಬಂದ ಒಬ್ಬ ಕಾವಿಯವನು, ಊರ ಹೊರಗೆ ಕೂತು, ಸಿಕ್ಕಿದ್ದು ಉಂಡು, ಒಕ್ಕಲು ಕೇಳುತ್ತಾನೆ ಅನ್ನೋದು ನಮ್ಮ ಜನಕ್ಕೆ ಹೊಸ ಕಥೆಯೇ ಅಲ್ಲ. ಮಾದಪ್ಪ ಹೊರಗಿನಿಂದ ಬಂದವನೇ. ಸುತ್ತೂರು ಮಠದಲ್ಲಿ ರಾಗಿ ಬೀಸಿದ, ಬೆಟ್ಟ ಹತ್ತಿದ, ಸೋಲಿಗರನ್ನು ಒಕ್ಕಲು ಮಾಡಿಕೊಂಡ. ಜಂಗಮ ಬಂದರೆ ಭಿಕ್ಷೆ ನೀಡುವುದು, ಮಾತು ಕೇಳುವುದು, ಹಿಡಿಸಿದರೆ ಒಕ್ಕಲಾಗುವುದು, ಹಿಡಿಸದಿದ್ದರೆ ಕೈಮುಗಿದು ಕಳಿಸುವುದು, ಇದು ಇಲ್ಲಿಯ ರೂಢಿ. ಪಾದ್ರಿಗಳು ಈ ರೂಢಿಯೊಳಕ್ಕೆ ನುಗ್ಗಿದರು. ಅವರ ಹಿಂದೆ ಪಟಾಲಂ ಇರಲಿಲ್ಲ. ದೊರೆ ಬೇಡ ಅಂದರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ಬದಲಾಗಬೇಕಾದವರು ಅವರೇ ಆದರು. ಉಡುಪು ಬದಲಾಯಿತು, ಊಟ ಬದಲಾಯಿತು, ನಾಲಿಗೆ ಬದಲಾಯಿತು.

ಇದರಲ್ಲಿ ಒಂದು ತಪ್ಪೂ ಇದೆ, ಅದನ್ನೂ ಹೇಳಬೇಕು. ನಮ್ಮ ವೇಷ ತೊಟ್ಟವರು ನಮ್ಮ ಜಾತಿಯನ್ನೂ ತೊಟ್ಟರು. ಮೇಲಿನವರಿಗೆ ಬ್ರಾಹ್ಮಣ ಸನ್ಯಾಸಿ, ಮಿಕ್ಕವರಿಗೆ 1640ರಿಂದ ಪಂಡಾರಸ್ವಾಮಿ ಅಂತ ಪಾದ್ರಿಗಳಲ್ಲೇ ಎರಡು ಪಂಗಡ ಆಯಿತು. ಮಂಟೇಸ್ವಾಮಿ ಕಥೆಯನ್ನೂ ಹಾಡುವ ನನಗೆ ಇದು ಹಿಡಿಸಲಿಲ್ಲ. ದೇವರು ಒಬ್ಬನೇ ಅಂತ ಹೇಳಲು ಏಳು ಸಮುದ್ರ ದಾಟಿ ಬಂದವರು ಕೇರಿಯ ಗೆರೆ ದಾಟಲಿಲ್ಲ.

ಈಗ ಸ್ಪೇನಿನವರ ಕಡೆಗೆ ಬರೋಣ. ಅಮೆರಿಕದ ಪಡುವಣ ಕರಾವಳಿಯಲ್ಲಿ ಕ್ಯಾಲಿಫೋರ್ನಿಯಾ ಅಂತ ಸೀಮೆ. 1769ರಲ್ಲಿ ಹುನಿಪೆರೊ ಸೆರಾ ಅನ್ನುವ ಪಾದ್ರಿ ಸ್ಯಾನ್ ಡಿಯಾಗೊದಲ್ಲಿ ಮೊದಲನೇ ಮಿಷನ್ ಹೂಡಿದರು. ಇವರು ಯೇಸುಸಭೆಯವರಲ್ಲ, ಫ್ರಾನ್ಸಿಸ್ಕನ್ ಸಭೆಯವರು. 1823ರ ಹೊತ್ತಿಗೆ ಅಂಥವು 21 ಆದವು. ದಕ್ಷಿಣದಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರ್ ದಾರಿಯಲ್ಲಿ ಮಣಿ ಪೋಣಿಸಿದ ಹಾಗೆ. ಆ ದಾರಿಗೆ ರಾಜಮಾರ್ಗ ಅಂತಲೇ ಹೆಸರು.

ಆ ಕಟ್ಟಡಗಳ ಚಿತ್ರವನ್ನು ಮೇಷ್ಟ್ರು ಫೋನಿನಲ್ಲಿ ತೋರಿಸಿದರು. ನನಗೆ ನಮ್ಮ ತೊಟ್ಟಿಮನೆಯೇ ನೆನಪಾಯಿತು. ನಾಲ್ಕು ಕಡೆ ಸಾಲು ಕೋಣೆ, ನಡುವೆ ಬಯಲು ಅಂಗಳ, ಅಂಗಳದ ಸುತ್ತ ಕಮಾನಿನ ಜಗಲಿ. ಒಂದು ಮೂಲೆಗೆ ದೇವಾಲಯ. ಗೋಡೆಗೆ ಹುಲ್ಲು ಬೆರೆಸಿ ತುಳಿದ ಮಣ್ಣಿನ ಹಸಿ ಇಟ್ಟಿಗೆ, ಸುಟ್ಟದ್ದಲ್ಲ, ಬಿಸಿಲಿಗೆ ಒಣಗಿಸಿದ್ದು. ಮಳೆ ಬಿದ್ದರೆ ಕರಗುತ್ತದೆ ಅಂತ ಮೇಲೆ ಸುಣ್ಣದ ಗಾರೆ. ಗೋಡೆ ಬಲು ದಪ್ಪ, ಆದ್ದರಿಂದ ಬೇಸಿಗೆಯಲ್ಲೂ ಒಳಗೆ ತಂಪು. ಮಾಡಿಗೆ ಕೆಂಪು ಹೆಂಚು, ನಮ್ಮ ನಾಡಹೆಂಚಿನ ಹಾಗೆ ಅರ್ಧ ಕೊಳವೆಯಂಥದ್ದು. ಮುಂದುಗಡೆ ಬರೀ ಒಂದು ಗೋಡೆ ಎಬ್ಬಿಸಿ, ಅದರಲ್ಲಿ ಕಿಂಡಿ ಬಿಟ್ಟು, ಕಿಂಡಿಗೊಂದು ಗಂಟೆ ತೂಗುಹಾಕುತ್ತಿದ್ದರು. ಗೋಪುರ ಕಟ್ಟುವ ಖರ್ಚಿಲ್ಲದೆ ಗಂಟೆಗೆ ಎತ್ತರ ಸಿಕ್ಕಿತು. ಸುತ್ತ ಗೋಧಿ ಹೊಲ, ದ್ರಾಕ್ಷಿ, ಆಲಿವ್ ತೋಟ, ನೀರಿನ ಕಾಲುವೆ, ಕಮ್ಮಾರಸಾಲೆ, ಮಗ್ಗದ ಕೋಣೆ, ಚರ್ಮ ಹದ ಮಾಡುವ ತೊಟ್ಟಿ. ರೈತನ ಕಣ್ಣಿಗೆ ಅದು ಒಂದು ದೊಡ್ಡ ಒಕ್ಕಲುತನ. ನೋಡಿ ಮೆಚ್ಚಿಕೊಂಡೆ, ಸುಳ್ಳು ಹೇಳೋದಿಲ್ಲ.

ಆಮೇಲೆ ಆ ಅಂಗಳದೊಳಗೆ ಇದ್ದವರ ಕಥೆ ಗೊತ್ತಾಯಿತು. ಆ ಗಂಟೆ ಬರೀ ಪೂಜೆಗಲ್ಲ. ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಗೇಯುವುದಕ್ಕೆ ಗಂಟೆ. ಅಲ್ಲಿಯ ಮೂಲ ಜನ ಒಂದು ಸಲ ತಲೆಗೆ ನೀರು ಹಾಕಿಸಿಕೊಂಡರೆ ಮುಗಿಯಿತು, ಅಪ್ಪಣೆ ಇಲ್ಲದೆ ತಮ್ಮ ಊರಿಗೆ ಹೋಗುವಂತಿಲ್ಲ. ಓಡಿಹೋದರೆ ಸಿಪಾಯಿಗಳು ಹಿಡಿದು ತರುತ್ತಿದ್ದರು, ಚಾಟಿ ಏಟು ಬೀಳುತ್ತಿತ್ತು. ಮದುವೆ ಆಗದ ಹೆಣ್ಣುಮಕ್ಕಳನ್ನು ರಾತ್ರಿ ಒಂದು ಕೋಣೆಗೆ ತುಂಬಿ ಬೀಗ ಹಾಕುತ್ತಿದ್ದರು. ಗಾಳಿ ಇಲ್ಲದ ಆ ಕೋಣೆಗಳಲ್ಲಿ ರೋಗ ಹರಡಿತು. 1806ರಲ್ಲಿ ದಡಾರ ಬಂದು ಮಕ್ಕಳು ಮರಿ ರಾಶಿ ರಾಶಿ ಸತ್ತರು. ಒಟ್ಟಿನಲ್ಲಿ ಮಿಷನ್ನುಗಳಲ್ಲಿ ಹುಟ್ಟಿದವರಿಗಿಂತ ಸತ್ತವರೇ ಹೆಚ್ಚು. ಜನ ಸುಮ್ಮನಿರಲಿಲ್ಲ. 1775ರಲ್ಲಿ ಸ್ಯಾನ್ ಡಿಯಾಗೊ ಮಿಷನ್ನಿಗೇ ಬೆಂಕಿ ಇಟ್ಟರು. 1824ರಲ್ಲಿ ಚೂಮಾಶ್ ಜನ ಮೂರು ಮಿಷನ್ನುಗಳಲ್ಲಿ ಒಟ್ಟಿಗೆ ತಿರುಗಿಬಿದ್ದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೆಂಕಿಯ ವಿಷಯ. ಆ ಜನ ವರ್ಷಕ್ಕೊಮ್ಮೆ ಒಣ ಹುಲ್ಲಿಗೆ ಬೆಂಕಿ ಇಟ್ಟು ಕಾಡನ್ನು ಹದ ಮಾಡುತ್ತಿದ್ದರು. ಹಾಗೆ ಮಾಡಿದರೆ ಹುಲ್ಲಿನ ಬೀಜ ಚೆನ್ನಾಗಿ ಬರುತ್ತಿತ್ತು, ಜಿಂಕೆ ಬರುತ್ತಿತ್ತು. ಅದು ಅವರ ಬೇಸಾಯ. 1793ರಲ್ಲಿ ಅಲ್ಲಿಯ ಗವರ್ನರ್ ಈ ಬೆಂಕಿ ಕೂಡದು ಅಂತ ಹುಕುಂ ಹೊರಡಿಸಿದ. ಮಿಷನ್ನಿನ ದನ ಕುರಿ ಆ ಹುಲ್ಲನ್ನೆಲ್ಲಾ ಮೇದವು. ತಿನ್ನಲು ಬೀಜ ಇಲ್ಲದ ಜನ ಹೊಟ್ಟೆಗಾಗಿ ಮಿಷನ್ನಿನ ಬಾಗಿಲಿಗೇ ಬಂದರು. ನಮ್ಮ ಸೋಲಿಗರು ತರಗು ಬೆಂಕಿ ಅಂತ ಕರೆಯೋದು ಇದನ್ನೇ. ಅದಕ್ಕೂ ಈಗ ತಡೆ ಇದೆ. ಕಾಡಿನಲ್ಲಿ ಲಂಟಾನ ಹೇಗೆ ಬೆಳೆದು ನಿಂತಿದೆ ಅಂತ ನೀವೇ ನೋಡುತ್ತಿದ್ದೀರಿ. ಅದೂ ಅಮೆರಿಕದಿಂದ ಬಂದ ಗಿಡವೇ.

ಆದರೆ ಸ್ಪೇನಿನ ಮಿಷನ್ನೆಲ್ಲಾ ಒಂದೇ ತರ ಅಂತ ಹೇಳಿದರೆ ತಪ್ಪಾಗುತ್ತದೆ. ದಕ್ಷಿಣ ಅಮೆರಿಕದ ಪರಾಗ್ವೆ ಸೀಮೆಯಲ್ಲಿ ಗ್ವಾರಾನಿ ಅನ್ನುವ ಜನರ ನಡುವೆ ಯೇಸುಸಭೆಯ ಪಾದ್ರಿಗಳು 1609ರಿಂದ 30 ಊರು ಕಟ್ಟಿದರು. 1732ರಲ್ಲಿ ಅಲ್ಲಿ 1,40,000ಕ್ಕೂ ಹೆಚ್ಚು ಜನ ಇದ್ದರು. ಅಲ್ಲೂ ಗಂಟೆ ಇತ್ತು, ಶಿಕ್ಷೆ ಇತ್ತು. ಆದರೆ ಮಾತು ಗ್ವಾರಾನಿಯೇ. ಪೂಜೆ, ಪಾಠ ಎಲ್ಲಾ ಆ ಭಾಷೆಯಲ್ಲೇ. ಗುಲಾಮರನ್ನು ಹಿಡಿಯಲು ಬ್ರೆಜಿಲ್ ಕಡೆಯಿಂದ ದಂಡು ಬಂದಾಗ 1641ರಲ್ಲಿ ಪಾದ್ರಿಗಳೂ ಗ್ವಾರಾನಿಗಳೂ ಸೇರಿ ಹೊಳೆಯಲ್ಲಿ ಕಾದಾಡಿ ಗೆದ್ದರು. ಅಲ್ಲಿ ಪಿಟೀಲು, ಹಾರ್ಪು, ಆರ್ಗನ್ ಎಲ್ಲವನ್ನೂ ಜನ ತಾವೇ ಮಾಡಿ ತಾವೇ ನುಡಿಸುತ್ತಿದ್ದರು. ಪಕ್ಕದ ಬೊಲಿವಿಯಾದ ಚಿಕಿಟೊಸ್ ಸೀಮೆಯ ಹಳೇ ಮಿಷನ್ ಗುಡಿಗಳನ್ನು 1970ರ ದಶಕದಲ್ಲಿ ರಿಪೇರಿ ಮಾಡುವಾಗ ಸಂಗೀತ ಬರೆದಿಟ್ಟ ಹಾಳೆಗಳು ಸಾವಿರಾರು ಸಿಕ್ಕವು. ಇನ್ನೂರು ಚಿಲ್ಲರೆ ವರ್ಷ ಆ ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದರು. ಈಗ ಅಲ್ಲಿಯ ಹುಡುಗರು ಅದನ್ನು ಮತ್ತೆ ನುಡಿಸುತ್ತಾರೆ. ಗ್ವಾರಾನಿ ಈಗ ಪರಾಗ್ವೆ ದೇಶದ ಸರ್ಕಾರಿ ಭಾಷೆಗಳಲ್ಲಿ ಒಂದು. ಬೇರೆ ರಾಜ್ಯದೊಳಗೆ ಕೂತು ಕನ್ನಡ ಇಟ್ಟುಕೊಂಡಿರುವ ನಮಗೆ ಇದರ ಬೆಲೆ ಗೊತ್ತು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಇತ್ತ ಉಳಿದೆವು. ಹೊಲ ಇದ್ದ ಕಡೆ ಜನ ಇರಬೇಕಲ್ಲ. ಮಾತನ್ನು ಶಾಲೆಯಲ್ಲಿ ಇಟ್ಟುಕೊಂಡೆವು, ಹಾಡಿನಲ್ಲಿ ಇಟ್ಟುಕೊಂಡೆವು.

ಇಷ್ಟೆಲ್ಲಾ ಕಥೆ ನಮಗೆ ಗೊತ್ತಾಗುವುದು ಪಾದ್ರಿಗಳು ಬರೆದ ಕಾಗದದಿಂದ. ಸತ್ಯಮಂಗಲದ್ದೂ ಅಷ್ಟೆ, ಶ್ರೀರಂಗಪಟ್ಟಣದ್ದೂ ಅಷ್ಟೆ. ಅವರ ದೊಡ್ಡವರು ಓದಲಿ ಅಂತ ಬರೆದದ್ದು. ಇಷ್ಟು ಜನ ಬಂದರು, ಇಷ್ಟು ಕಷ್ಟಪಟ್ಟೆವು ಅಂತ. ಬಂದವರು ಯಾಕೆ ಬಂದರು, ಮನೆಯಲ್ಲಿ ಅವರ ಅವ್ವ ಏನಂದಳು, ಕುಲದವರು ಏನು ಮಾಡಿದರು, ಇದು ಆ ಲೆಕ್ಕದಲ್ಲಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಹುಡುಗ ಮಾತ್ರ ಬರೆದಿಟ್ಟ. ಪಾಬ್ಲೊ ತಾಕ್ ಅಂತ ಹೆಸರು, ಲೂಯಿಸೆನ್ಯೊ ಕುಲದವನು. 1822ರಲ್ಲಿ ಮಿಷನ್ನಿನೊಳಗೇ ಹುಟ್ಟಿದ. ಪಾದ್ರಿಯೊಬ್ಬರು ಅವನನ್ನು ರೋಮಿಗೆ ಓದಲು ಕರೆದುಕೊಂಡು ಹೋದರು. ಅಲ್ಲಿ ಕೂತು ತನ್ನ ಜನರ ಕುಣಿತ, ಆಟ, ಮಿಷನ್ನಿನ ದಿನಚರಿ ಎಲ್ಲಾ ಬರೆದ, ತನ್ನ ಭಾಷೆಗೆ ವ್ಯಾಕರಣ ಬರೆಯಲು ಕೂತ. ಇಪ್ಪತ್ತು ತುಂಬುವ ಮುಂಚೆ 1841ರಲ್ಲಿ ಅಲ್ಲೇ ಸತ್ತ. ಊರಿಗೆ ವಾಪಸ್ ಬರಲಿಲ್ಲ. ನಮ್ಮ ಸತ್ಯಮಂಗಲದಲ್ಲಿ ಅಂಥ ಒಬ್ಬ ಹುಡುಗ ಬರೆದಿದ್ದರೆ ನನ್ನ ಈ ಲೇಖನ ಬೇರೆಯೇ ಆಗುತ್ತಿತ್ತು.

ಎರಡು ಕಡೆಯ ಕಥೆಯೂ ಒಂದೇ ಕಾಲಕ್ಕೆ ಮುರಿಯಿತು. ಯುರೋಪಿನ ರಾಜರಿಗೆ ಯೇಸುಸಭೆಯ ಮೇಲೆ ಸಿಟ್ಟು ಬಂತು. 1759ರಲ್ಲಿ ಪೋರ್ಚುಗಲ್, 1767ರಲ್ಲಿ ಸ್ಪೇನ್ ಅವರನ್ನು ಓಡಿಸಿದವು. 1773ರಲ್ಲಿ ಪೋಪರು ಸಭೆಯನ್ನೇ ರದ್ದು ಮಾಡಿದರು. ಪರಾಗ್ವೆಯ 30 ಊರುಗಳಲ್ಲಿ ಜನ ಚೆದುರಿದರು, ಕಲ್ಲಿನ ಗುಡಿಗಳ ಮೇಲೆ ಕಾಡು ಹಬ್ಬಿತು. ಇಲ್ಲಿ ಹೈದರನ ಆಳ್ವಿಕೆ. ಇದ್ದ ಪಾದ್ರಿಗಳು ಮುದುಕರಾದರು, ಹೊಸಬರು ಬರಲಿಲ್ಲ. ಆಮೇಲೆ ಯುದ್ಧದ ಮೇಲೆ ಯುದ್ಧ. 1790ರಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಹತ್ತಿರ ಇಂಗ್ಲಿಷರ ಮೇಲೆ ಬಿದ್ದದ್ದು ಓದಿರುತ್ತೀರಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಬ್ಬ ಫ್ರೆಂಚ್ ಪಾದ್ರಿ ಮೈಸೂರಿಗೆ ಬಂದರು. ಅಬ್ಬೆ ದ್ಯುಬುವಾ ಅಂತ. ಅವರೂ ನಮ್ಮವರ ಉಡುಪು ಉಟ್ಟು, ನಮ್ಮವರ ಊಟ ಉಂಡು ಬಾಳಿದವರು. ಜನ ದೊಡ್ಡಸ್ವಾಮಿಯವರು ಅನ್ನುತ್ತಿದ್ದರು. ಹಾಸನದ ಹತ್ತಿರ ಸಾತಳ್ಳಿಯಲ್ಲಿ ದಿಕ್ಕಿಲ್ಲದ ಕ್ರೈಸ್ತ ಒಕ್ಕಲುಗಳಿಗೆ ಜಮೀನು ಮಾಡಿಸಿ ಊರು ನಿಲ್ಲಿಸಿದರು. ನಮ್ಮ ಕನ್ನಡ ನಾಡಿನಲ್ಲಿ ಸ್ಪೇನಿನ ಮಿಷನ್ನಿಗೆ ಹತ್ತಿರದ್ದು ಅಂದರೆ ಇದೇ. ಹೊಲ, ಗುಡಿ, ಊರು ಮೂರೂ ಕೂಡಿದ್ದು. ಆದರೆ ಬೀಗ ಇಲ್ಲ, ಸಿಪಾಯಿ ಇಲ್ಲ.

ಅವರು ಮಾಡಿದ ಇನ್ನೊಂದು ಕೆಲಸ ಸಿಡುಬಿಗೆ ದಾಕು ಹಾಕಿಸಿದ್ದು. ನನ್ನ ಎಡತೋಳಿನಲ್ಲಿ ಎರಡು ದಾಕಿನ ಗುರುತು ಇವೆ, ನನ್ನ ವಯಸ್ಸಿನವರಿಗೆಲ್ಲಾ ಇರುತ್ತವೆ. ಅಮ್ಮ ಎದ್ದಳು ಅಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾರಮ್ಮನಿಗೆ ತಂಪು ಒಯ್ದು, ಉಳಿದವರನ್ನು ಎಣಿಸಿಕೊಳ್ಳುತ್ತಿದ್ದ ಕಾಲ ಅದು. ಬಿಳಿ ಸ್ವಾಮಿ ಒಬ್ಬರು ಬಂದು ತೋಳು ಗೀರಿಸಿಕೊಳ್ಳಿ ಅಂದರೆ ಯಾರು ಒಪ್ಪುತ್ತಾರೆ? ಆದರೂ 1803-04ರ ಸುಮಾರಿಗೆ ಮೈಸೂರು ಸೀಮೆಯಲ್ಲಿ 25,000ಕ್ಕೂ ಮಿಕ್ಕಿ ಜನಕ್ಕೆ ದಾಕು ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. ಸರಿಯಾಗಿ ಅದೇ 1803ರಲ್ಲಿ ಸ್ಪೇನಿನ ರಾಜ ಒಂದು ಹಡಗು ಕಳಿಸಿದ. ಅದರಲ್ಲಿ 22 ಅನಾಥ ಹುಡುಗರು. ಆಗ ಔಷಧಿಯನ್ನು ಕೆಡದ ಹಾಗೆ ಅಷ್ಟು ದೂರ ಸಾಗಿಸಲು ಬೇರೆ ದಾರಿ ಇರಲಿಲ್ಲ. ಒಬ್ಬ ಹುಡುಗನ ತೋಳಿನ ಬೊಕ್ಕೆಯಿಂದ ಇನ್ನೊಬ್ಬನ ತೋಳಿಗೆ ದಾಟಿಸುತ್ತಾ ಸಮುದ್ರ ದಾಟಿಸಿದರು. ಹಾಗೆ ಅಮೆರಿಕಕ್ಕೆ, ಅಲ್ಲಿಂದ ಬೇರೆ ಹುಡುಗರ ತೋಳಿನಲ್ಲಿ ಫಿಲಿಪ್ಪೀನ್ಸಿಗೆ. ರೋಗ ಒಯ್ದವರೇ ಔಷಧಿಯನ್ನೂ ಒಯ್ದರು. ಆ ಹುಡುಗರನ್ನು ಮಾತ್ರ ಯಾರೂ ಕೇಳಿರಲಿಕ್ಕಿಲ್ಲ.

ದ್ಯುಬುವಾ ನಮ್ಮ ಜನರ ಆಚಾರ ವಿಚಾರದ ಮೇಲೆ ದೊಡ್ಡ ಪುಸ್ತಕ ಬರೆದರು. ಕಂಪನಿಯವರು ಹಸ್ತಪ್ರತಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ನಮ್ಮನ್ನು ಹೊಗಳಿದ್ದಕ್ಕಿಂತ ತೆಗಳಿದ್ದು ಹೆಚ್ಚು. ಅದರಲ್ಲಿ ಬಹಳಷ್ಟು ಅವರಿಗಿಂತ ಹಿಂದಿನ ಕೂರ್ದು ಅನ್ನುವ ಯೇಸುಸಭೆಯ ಪಾದ್ರಿಯ ಬರಹದಿಂದ ತೆಗೆದದ್ದು ಅಂತ 1987ರಲ್ಲಿ ಒಬ್ಬ ವಿದ್ವಾಂಸೆ ತೋರಿಸಿಕೊಟ್ಟರು. 1823ರಲ್ಲಿ ಅವರು ತಮ್ಮ ದೇಶಕ್ಕೆ ಮರಳಿದರು. ಅದೇ ವರ್ಷ ಅಚ್ಚಾದ ಅವರ ಇನ್ನೊಂದು ಪುಸ್ತಕದಲ್ಲಿ, ಈ ಹಿಂದೂ ಜನರನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅಂತ ಬರೆದರು. ಮೂವತ್ತು ವರ್ಷ ಅದೇ ಕೆಲಸ ಮಾಡಿದವರ ಮಾತು ಇದು. ಅದೇ 1823ರಲ್ಲಿ ಕ್ಯಾಲಿಫೋರ್ನಿಯಾದ 21ನೇ ಮಿಷನ್ ಎದ್ದಿತು. ಅದಾದ ಹತ್ತು ಹನ್ನೊಂದು ವರ್ಷಕ್ಕೆ ಅಲ್ಲಿಯ ಸರ್ಕಾರ ಎಲ್ಲಾ ಮಿಷನ್ನುಗಳ ಜಮೀನು ಬಿಡಿಸಿತು. ಮೂಲ ಜನಕ್ಕೆ ಕೊಡುತ್ತೇವೆ ಅಂತ ಹೇಳಿದರು. ಸಿಕ್ಕಿದ್ದು ದೊಡ್ಡ ದನಗಾರ ಸಾಹುಕಾರರಿಗೆ.

ಕೆಲವು ವರ್ಷದ ಹಿಂದೆ ಹಾಸನದ ಕಡೆ ಹಾಡಲು ಹೋಗಿದ್ದಾಗ ಶೆಟ್ಟಿಹಳ್ಳಿಯ ಹಳೇ ಇಗರ್ಜಿ ನೋಡಿ ಬಂದೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆದ ಮೇಲೆ ಊರು ಬೇರೆ ಕಡೆಗೆ ಹೋಯಿತು, ಇಗರ್ಜಿ ನೀರಿನಲ್ಲಿ ಉಳಿಯಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ಮಾಡು ಇಲ್ಲ, ಗೋಡೆ ಕಮಾನು ನಿಂತಿವೆ. ಒಳಗೆ ದನ ಮಲಗಿದ್ದವು. ಮೇಯಿಸುತ್ತಿದ್ದ ಅಜ್ಜನ ಕೈಲಿ ಕೇಳಿದೆ, "ಇಲ್ಲಿ ಪೂಜೆ ಆಗ್ತಿದ್ದುದು ನೋಡಿದ್ರಾ ಯಜಮಾನ್ರೇ?" ಅಂತ. "ಗಂಟೆ ಕೇಳೀನಿ. ಆ ಗಂಟೆ ಕೇಳಿ ಎತ್ತು ಬಿಚ್ಚುತಿದ್ದೊ" ಅಂದರು.

ನಮ್ಮ ದಣಾಯಕನಕೋಟೆಯೂ ಹಾಗೆಯೇ ಭವಾನಿಸಾಗರದ ನೀರಿನೊಳಗಿದೆ. ನೀರು ತೀರಾ ಇಳಿದ ವರ್ಷ ಅಲ್ಲಿಯ ಮಾಧವ ಪೆರುಮಾಳ್ ಗುಡಿ ಮೇಲೆ ಬರುತ್ತದೆ. ಪಾದ್ರಿಗಳು ಓಡಾಡಿದ ಹಳೇ ದಾರಿ ಆ ಕೋಟೆಯ ಪಕ್ಕದಲ್ಲೇ ಗಜ್ಜಲಹಟ್ಟಿಗೆ ತಿರುಗುತ್ತಿತ್ತು. ಮೊಮ್ಮಗಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂತ ಹೇಳಿದ್ದೇನೆ. ಎರಡು ವರ್ಷದಿಂದ ನೀರು ಇಳಿದಿಲ್ಲ.